ಪಹಣಿ ಫೋನಿಗೆ ಬಂತು, ಪರಿಹಾರ ಯಾರಿಗೆ ಬಂತು?

ನಾಗರಾಜು: (ಕುಟುಂಬದ ಗ್ರೂಪಿಗೆ ಫಾರ್ವರ್ಡ್) ಅಂದು ಪಹಣಿಗಾಗಿ ಅಲೆದಾಟ. ಇಂದು ಬೆರಳ ತುದಿಯಲ್ಲಿ! ತಂತ್ರಜ್ಞಾನ ಬಡವ-ಬಲ್ಲಿದ ಭೇದವನ್ನೇ ಅಳಿಸಿದೆ. ರೈತನ ಮಗನಾಗಿದ್ದರೆ ಹತ್ತು ಜನರಿಗೆ ಕಳಿಸಿ.

ಮೇಘಾ: ಯಾವ ಊರಲ್ಲಿ ಅಳಿಸಿದೆ ಚಿಕ್ಕಪ್ಪ?

ನಾಗರಾಜು: ನೀನು ಆಗಿನ ಕಾಲ ನೋಡಿಲ್ಲ ಪುಟ್ಟಿ. ದಫ್ತರವೆಲ್ಲ ಗ್ರಾಮ ಲೆಕ್ಕಿಗರ ಕೈಯಲ್ಲಿ. ಅವರು ಬರೆದದ್ದೇ ಬರಹ. 2001ರ ಹೊತ್ತಿಗೆ ಭೂಮಿ ಯೋಜನೆ ಬಂತು. 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್. ಖಾತೆಯಲ್ಲಿ ಹೆಸರು ಬದಲಾಯಿಸುವ ಮ್ಯುಟೇಶನ್‌ಗೂ ಮೊದಲು ಬಂದ ಅರ್ಜಿ ಮೊದಲು.

ಶಿವಣ್ಣ: ಅದು ನಿಜ. ಅಪ್ಪ ಒಂದು ಪಹಣಿಗೆ ಕೋಳಿ ಕೂಡ ಕೊಟ್ಟಿದ್ದರು.

ಪ್ರದೀಪ: ಪ್ರಿಂಟ್ ಸಿಕ್ಕಿತು, ಒಪ್ಪಿದೆ ಮಾವ. ಆದರೆ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಜೊತೆಯವರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ ಬೇರೆಯೇ ಹೇಳಿದರು. ದಾಖಲೆ ಒಂದೇ ಕಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಜಮೀನು ಹಿಡಿಯುವುದು ಸುಲಭವಾಯಿತು, ಲಂಚ ಕಮ್ಮಿ ಆಗಲಿಲ್ಲ ಅಂತ.

ನಾಗರಾಜು: ಅಧ್ಯಯನದವರು ಬಿಡು. ನನ್ನ ಅನುಭವ ಕೇಳು. 2023ರ ಬರ. 236 ತಾಲ್ಲೂಕಲ್ಲಿ 223 ಬರಪೀಡಿತ, ನಮ್ಮದೂ ಸೇರಿ. ಮೊದಲ ಕಂತು 2,000 ನನ್ನ ಖಾತೆಗೆ ತಾನಾಗಿ ಬಂತು. ಅರ್ಜಿ ಇಲ್ಲ, ದಲ್ಲಾಳಿ ಇಲ್ಲ. ಪಹಣಿ, ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಅಷ್ಟೇ.

ಮೇಘಾ: ಆ ವರ್ಷ ರಾಗಿ ಬಿತ್ತಿದ್ದು ಯಾರು ಚಿಕ್ಕಪ್ಪ?

ನಾಗರಾಜು: ರಂಗಪ್ಪ. ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಾನಲ್ಲ.

ಮೇಘಾ: ಬೀಜ, ಗೊಬ್ಬರ, ಉಳುಮೆ?

ನಾಗರಾಜು: ಅವನದೇ. ಬೆಳೆ ಬಂದರೆ ಅರ್ಧ ನಮಗೆ.

ಮೇಘಾ: ಬೆಳೆ ಒಣಗಿದ್ದು ರಂಗಪ್ಪನಿಗೆ, ಪರಿಹಾರ ಬೆಂಗಳೂರಿನ ಮಲ್ಲೇಶ್ವರದ ಮನೆಗೆ. ಆಮೇಲೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500ರ ಲೆಕ್ಕದಲ್ಲಿ ಉಳಿದ ದುಡ್ಡೂ ಪಹಣಿಯಲ್ಲಿ ಹೆಸರಿದ್ದವರಿಗೇ ಬಂತು. ಕಿಸಾನ್ ಸಮ್ಮಾನ್‌ನ ವರ್ಷಕ್ಕೆ 6,000 ಕೂಡ ಜಮೀನು ಹೆಸರಲ್ಲಿದ್ದವರಿಗೆ ಮಾತ್ರ.

ನಾಗರಾಜು: ಅದು ನನಗೆ ಬರುವುದಿಲ್ಲ. ಟ್ಯಾಕ್ಸ್ ಕಟ್ಟುತ್ತೇನೆ.

ಮೇಘಾ: ರಂಗಪ್ಪನಿಗೂ ಬರುವುದಿಲ್ಲ. ಅವನು ಟ್ಯಾಕ್ಸ್ ಕಟ್ಟುವುದಿಲ್ಲ 🙂

ಶಿವಣ್ಣ: ಮೇಘಾ, ಚಿಕ್ಕಪ್ಪನ ಹತ್ತಿರ ಹೀಗಾ ಮಾತಾಡುವುದು?

ಪ್ರದೀಪ: ದೊಡ್ಡಮಾವ, ಅವಳು ಹೇಳುತ್ತಿರುವುದು ಸರಿ ಇದೆ. ಗ್ರಾಮ ಲೆಕ್ಕಿಗರಿಗೆ ಹೊಲದಲ್ಲಿ ಯಾರಿದ್ದಾರೆ ಅಂತಲಾದರೂ ಗೊತ್ತಿರುತ್ತಿತ್ತು. ಕಂಪ್ಯೂಟರಿಗೆ ಹೆಸರು ಮಾತ್ರ ಗೊತ್ತು. ಪಹಣಿಯ 12ನೇ ಕಾಲಂ ಇರುವುದೇ ಸಾಗುವಳಿ ಮಾಡುವವರಿಗೆ. ಅಲ್ಲಿ ರಂಗಪ್ಪನ ಹೆಸರು ಹಾಕಿಸಿ.

ಶಿವಣ್ಣ: ಬಿಲ್‌ಕುಲ್ ಆಗುವುದಿಲ್ಲ. 1974ರ ಭೂಸುಧಾರಣೆ ಕಾನೂನು ಗೊತ್ತೇನಪ್ಪಾ? ದೇವರಾಜ ಅರಸು ಕಾಲದಲ್ಲಿ ಉಳುವ ಜಮೀನು ತಮಗೇ ಬೇಕೆಂದು ಫಾರಂ 7 ಅರ್ಜಿ ಹಾಕಿದ ಗೇಣಿದಾರರಿಗೆ ಆ ಕಾಲಮ್ಮೇ ಸಾಕ್ಷಿ. ಎಷ್ಟು ಜನ ಜಮೀನು ಕಳೆದುಕೊಂಡರು!

ಮೇಘಾ: ಎಷ್ಟು ಜನರಿಗೆ ಜಮೀನು ಸಿಕ್ಕಿತು ಅಂತಲೂ ಹೇಳಪ್ಪಾ.

ನಾಗರಾಜು: ಈಗ ಗೇಣಿಗೆ ಕೊಡುವುದೇ ಕಾನೂನುಬಾಹಿರ. ಕಾಗದ ಮಾಡಲು ನಾನೇನು ಹುಚ್ಚನಾ?

ಪ್ರದೀಪ: ಅದಕ್ಕೇ ಅಲ್ವಾ ಎಲ್ಲರೂ ಬಾಯಿಮಾತಲ್ಲಿ ಕೊಡುವುದು. ಕಾಗದವಿಲ್ಲದವನಿಗೆ ಐಡಿ ಇಲ್ಲ. ಐಡಿ ಇಲ್ಲದವನಿಗೆ ಪರಿಹಾರ ಇಲ್ಲ, ಬೆಂಬಲ ಬೆಲೆಗೆ ರಾಗಿ ಮಾರುವುದಕ್ಕೂ ಆಗುವುದಿಲ್ಲ.

ನಾಗರಾಜು: ಹಾಗಂತ ಪಹಣಿ ಮತ್ತೆ ಕೈಬರಹಕ್ಕೆ ಹೋಗಬೇಕಾ? ಏನೇ ಹೇಳಿ, ಈಗ ಯಾರು ಬೇಕಾದರೂ ಕೂತಲ್ಲೇ ನೋಡಬಹುದು. ಮುಚ್ಚುಮರೆ ಇಲ್ಲ.

ಲಲಿತಮ್ಮ: ಅದೊಂದು ನಿಜ ಚಿಕ್ಕಣ್ಣ. ಸರ್ವೆ ನಂಬರ್ ಹಾಕಿ ಈಗ ತಾನೇ ನೋಡಿದೆ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ನಿಮ್ಮಿಬ್ಬರ ಹೆಸರಿದೆ. ಅಪ್ಪನಿಗೆ ಮೂವರು ಮಕ್ಕಳು ಅಲ್ವಾ?

ಲಲಿತಮ್ಮ: ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಕೊಟ್ಟಿರಲ್ಲ, ಅದರಲ್ಲಿ ನಾನಿದ್ದೇನಾ?

ಶಿವಣ್ಣ: ಲಲಿತಾ, ಇದು ಗ್ರೂಪಿನಲ್ಲಿ ಮಾತಾಡುವ ವಿಷಯ ಅಲ್ಲ. ರಾತ್ರಿ ಫೋನ್ ಮಾಡುತ್ತೇನೆ.

ಲಲಿತಮ್ಮ: ಇಲ್ಲೇ ಹೇಳು ದೊಡ್ಡಣ್ಣ.