ನಮ್ಮ ಕಂಪನಿ ಹೆಸರಲ್ಲಿ ನಕಲಿ ಎಚ್‌ಆರ್: ರಿಪೋರ್ಟ್ ಮಾಡಿದರೂ ಹೋಗ್ತಾ ಇಲ್ಲ

ಕೀಲಿ_ಕಳೆದವ
ತಲೆ ಕೆಟ್ಟುಹೋಗಿದೆ. ವೃತ್ತಿಪರರ ಜಾಲತಾಣವೊಂದರಲ್ಲಿ ಯಾರೋ ನಮ್ಮ ಕಂಪನಿಯ ಎಚ್‌ಆರ್ ಅಂತ ಹೇಳಿಕೊಂಡು ಕೆಲಸದ ಆಫರ್ ಕೊಡುತ್ತಿದ್ದಾರೆ. ಲೋಗೋ ನಮ್ಮದೇ. ಲ್ಯಾಪ್‌ಟಾಪ್ ಕಳಿಸುತ್ತೇವೆ, ಮೊದಲು ಡೆಪಾಸಿಟ್ ಕಟ್ಟಿ ಅನ್ನುತ್ತಾರೆ. ದುಡ್ಡು ಕಳೆದುಕೊಂಡವರು ಫೋನ್ ಮಾಡಿ ಬೈಯುವುದು ನಮಗೆ. ನಾವು ಜಾಹೀರಾತೇ ಕೊಟ್ಟಿಲ್ಲ! ರಿಪೋರ್ಟ್ ಎಲ್ಲ ಮಾಡಿ ಆಯಿತು. ಇದನ್ನು ನಿಲ್ಲಿಸುವುದು ಹೇಗೆ?

ಪೋರ್ಟ್_25
ಮೇಲ್ ಹೋಗುತ್ತಿದೆಯಾ? ಹಾಗಾದರೆ ಡಿಮಾರ್ಕ್ (ನಿಮ್ಮ ವಿಳಾಸದ ಹೆಸರಲ್ಲಿ ಬೇರೆಯವರು ಕಳಿಸಿದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ವ್ಯವಸ್ಥೆ). ಪಾಲಿಸಿ 'ನನ್' (ಏನೂ ಮಾಡಬೇಡ) ಅಂತಲೇ ಬಿಟ್ಟಿರುತ್ತೀರಿ, ಬೇಕಾದರೆ ಬೆಟ್ ಕಟ್ಟುತ್ತೇನೆ.

ಕೀಲಿ_ಕಳೆದವ
ಹೌದು, ಆಫರ್ ಲೆಟರ್ ಮೇಲ್‌ನಲ್ಲೇ ಬರುತ್ತದೆ. ಡಿಮಾರ್ಕ್ ವಿಷಯ ಸರ್ವರ್ ನೋಡಿಕೊಳ್ಳುವ ಹುಡುಗನನ್ನು ಕೇಳಬೇಕು.

ಪೋರ್ಟ್_25
ಕೇಳಿ. 'ರಿಜೆಕ್ಟ್'ಗೆ (ನಕಲಿ ಮೇಲ್ ತಿರಸ್ಕರಿಸು) ಹಾಕಿಸಿ, ಕಥೆ ಮುಗಿಯಿತು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ರಾಶಿ ರಾಶಿ ಮೇಲ್ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ ಮಾಡಿವೆ. ಇನ್ನೂ ಹಾಕದವರನ್ನು ಕಂಡರೆ ನನಗೆ ಆಶ್ಚರ್ಯ.

ಟರ್ಮಿನಲ್_ತಿಮ್ಮ
ಒಂದೇ ಸಲ ರಿಜೆಕ್ಟ್ ಹಾಕಬೇಡಿ ಸ್ವಾಮಿ. ಮೊದಲು ಕ್ವಾರಂಟೈನ್, ಅಂದರೆ ಅನುಮಾನದ ಮೇಲ್ ಸ್ಪ್ಯಾಮ್‌ಗೆ ಹೋಗಲಿ. ಇಲ್ಲದಿದ್ದರೆ ನಿಮ್ಮದೇ ಇನ್‌ವಾಯ್ಸ್ ಮೇಲ್‌ಗಳು ಗಾಳಿಗೆ ಹೋಗುತ್ತವೆ.

ಪೋರ್ಟ್_25
ಕ್ವಾರಂಟೈನ್ ಅಂದರೆ ಅರ್ಧ ಮನಸ್ಸಿನ ಕೆಲಸ. ಎಸ್‌ಪಿಎಫ್, ಡಿಕಿಮ್ (ಮೇಲ್ ಕಳಿಸಿದ ಸರ್ವರ್, ಸಹಿ ಅಸಲಿಯಾ ಅಂತ ನೋಡುವ ಎರಡು ಪರೀಕ್ಷೆ) ಸರಿಯಿದ್ದರೆ ಹೆದರಿಕೆ ಯಾಕೆ?

ಟರ್ಮಿನಲ್_ತಿಮ್ಮ
ಮೇಲಿಂಗ್ ಲಿಸ್ಟ್ ಮೂಲಕ ಹೋದಾಗ ಎರಡೂ ಮುರಿಯಬಹುದು. ಅನುಭವದಿಂದ ಹೇಳುತ್ತಿದ್ದೇನೆ, ಓದಿಕೊಂಡು ಅಲ್ಲ.

ಬಳಪ_ಬೋರ್ಡು
ಇಬ್ಬರೂ ಸ್ವಲ್ಪ ತಾಳಿ. ಆ ಮೇಲ್ ಯಾವ ವಿಳಾಸದಿಂದ ಬಂತು ಅಂತ ಯಾರೂ ಕೇಳಲೇ ಇಲ್ಲವಲ್ಲ! ಕೀಲಿ ಸಾರ್, ಮೋಸ ಹೋದವರ ಹತ್ತಿರ ಆ ಮೇಲ್ ಫಾರ್ವರ್ಡ್ ಮಾಡಿಸಬೇಡಿ, ಅದರಲ್ಲಿ ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಅನ್ನುವ ವಿವರ) ಕಳೆದುಹೋಗುತ್ತದೆ. ಮೂಲ ಮೇಲನ್ನೇ ಡೌನ್‌ಲೋಡ್ ಮಾಡಿ ಕಳಿಸಲು ಹೇಳಿ. ಮತ್ತೆ, 'ರಿಪೋರ್ಟ್ ಎಲ್ಲ ಮಾಡಿ ಆಯಿತು' ಅಂದಿರಲ್ಲ, ಯಾವುದನ್ನು ರಿಪೋರ್ಟ್ ಮಾಡಿದಿರಿ? ಪ್ರೊಫೈಲಾ, ಕಂಪನಿ ಪೇಜಾ, ಕೆಲಸದ ಪೋಸ್ಟಾ? ಮೂರಕ್ಕೂ ಬೇರೆ ಬೇರೆ ದಾರಿ.

ಕೀಲಿ_ಕಳೆದವ
ಕಂಪನಿ ಪೇಜ್ ನಮ್ಮದೇ ಮೇಡಂ, ಅದು ಅಸಲಿ. ಆ ಮನುಷ್ಯನ ಪ್ರೊಫೈಲ್ ನಮ್ಮ ಪೇಜಿನ ಉದ್ಯೋಗಿಗಳ ಪಟ್ಟಿಯಲ್ಲೇ ಕಾಣಿಸುತ್ತದಂತೆ. ನನಗೆ ಮಾತ್ರ ಕಾಣಿಸುವುದಿಲ್ಲ. ಅದಕ್ಕೇ ರಿಪೋರ್ಟ್ ಬಟನ್ ಸಿಗಲಿಲ್ಲ, ಸಹಾಯ ಕೇಂದ್ರಕ್ಕೆ ಪತ್ರ ಬರೆದೆ.

ಬಳಪ_ಬೋರ್ಡು
ಅಯ್ಯೋ, ಇದನ್ನು ಮೊದಲ ಸಾಲಲ್ಲೇ ಬರೆಯಬೇಕಿತ್ತು. ನಿಮ್ಮನ್ನು ಅವರು ಬ್ಲಾಕ್ ಮಾಡಿರುವಂತಿದೆ. ಹುಷಾರಾದ ಮೋಸಗಾರರು ಮಾಡುವ ಮೊದಲ ಕೆಲಸವೇ ಇದು: ಅಸಲಿ ಕಂಪನಿಯ ಮಾಲೀಕ, ಅಸಲಿ ಎಚ್‌ಆರ್, ಸಿಕ್ಕ ಉದ್ಯೋಗಿಗಳನ್ನೆಲ್ಲ ಬ್ಲಾಕ್ ಮಾಡುವುದು. ಲಾಗಿನ್ ಆಗದೆ ಇನ್‌ಕಾಗ್ನಿಟೋದಲ್ಲಿ (ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ) ಲಿಂಕ್ ತೆರೆದು ನೋಡಿ. ಆಗಲೂ ಬರದಿದ್ದರೆ ನಿಮ್ಮ ಕಂಪನಿಗೆ ಸಂಬಂಧವೇ ಇಲ್ಲದ ಸ್ನೇಹಿತರ ಖಾತೆಯಿಂದ ನೋಡಿ, ಅಲ್ಲಿಂದಲೇ ರಿಪೋರ್ಟ್ ಮಾಡಿಸಿ.

ಇಂಥ ಸೈಟ್‌ಗಳಲ್ಲಿ ಉದ್ಯೋಗಿಗಳ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ. ಪ್ರೊಫೈಲ್‌ನಲ್ಲಿ ಕೆಲಸದ ಜಾಗಕ್ಕೆ ನಿಮ್ಮ ಪೇಜ್ ಆರಿಸಿಕೊಂಡರೆ ಸಾಕು, ಪಟ್ಟಿಯಲ್ಲಿ ಬಂದುಬಿಡುತ್ತಾರೆ. ಜನ ನಂಬುವುದೇ ಅದರಿಂದ. ನಿಮ್ಮದು ಯಾವ ಸೈಟೋ ಗೊತ್ತಿಲ್ಲ. ಲಿಂಕ್ಡ್‌ಇನ್‌ನಲ್ಲಾದರೆ ಪ್ರೊಫೈಲ್‌ನಲ್ಲಿ ತಪ್ಪು ಮಾಹಿತಿ ಇದೆ ಅಂತ ದೂರು ಕೊಡಲು ಪ್ರತ್ಯೇಕ ಅರ್ಜಿ ಇದೆ. ಈ ವ್ಯಕ್ತಿ ನಮ್ಮ ಉದ್ಯೋಗಿ ಅಲ್ಲ ಅಂತ ಕಂಪನಿ ಕಡೆಯಿಂದ ಅದರಲ್ಲಿ ಬರೆಯಬಹುದು. ಸಾಮಾನ್ಯ 'ರಿಪೋರ್ಟ್'ಗಿಂತ ಇದಕ್ಕೆ ತೂಕ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಕಂಪನಿ ಡೊಮೇನ್‌ನ (ವೆಬ್, ಮೇಲ್ ವಿಳಾಸದಲ್ಲಿ ಬರುವ ನಿಮ್ಮ ಹೆಸರಿನ) ಮೇಲ್‌ನಿಂದಲೇ ಕಳಿಸಿ.

ಪ್ರೊಫೈಲ್ ಅಳಿಸಿಹೋಗುವ ಮುಂಚೆ ಬ್ರೌಸರ್‌ನ ಮೇಲಿನ ವಿಳಾಸದ ಸಾಲು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದಿನಾಂಕದ ಜೊತೆ. ಇಲ್ಲದಿದ್ದರೆ ಆಮೇಲೆ ಪೊಲೀಸರು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಅರ್ಜಿದಾರ_07
ನನಗೂ ಇಂಥ ಮೆಸೇಜ್ ಬಂದಿತ್ತು. ಫೋಟೋದಲ್ಲಿ ಕಣ್ಣು ನೋಡಿ ಎಐ ಅಂತ ಗೊತ್ತಾಯಿತು.

ಟರ್ಮಿನಲ್_ತಿಮ್ಮ
ಕಣ್ಣು, ಕಿವಿಯೋಲೆ ನೋಡಿ ಹಿಡಿಯುವ ಕಾಲ ಹೋಯಿತು ತಮ್ಮಾ. ಈಗಿನ ಚಿತ್ರಗಳಲ್ಲಿ ಅದೆಲ್ಲ ಸರಿಯಾಗಿರುತ್ತದೆ. ಎಷ್ಟೋ ಜನ ಕದ್ದ ಅಸಲಿ ಫೋಟೋ ಹಾಕುತ್ತಾರೆ, ಅದಕ್ಕೆ ರಿವರ್ಸ್ ಇಮೇಜ್ ಹುಡುಕಾಟವೇ (ಅದೇ ಫೋಟೋ ಬೇರೆಲ್ಲಿದೆ ಅಂತ ನೋಡುವುದು) ಒಳ್ಳೆಯದು.

ಬಳಪ_ಬೋರ್ಡು
ಲಿಂಕ್ಡ್‌ಇನ್‌ನಲ್ಲಿ 2022ರಿಂದ 'ಈ ಪ್ರೊಫೈಲ್ ಬಗ್ಗೆ' ಅನ್ನುವ ಭಾಗ ಇದೆ. ಖಾತೆ ಯಾವಾಗ ತೆರೆದದ್ದು, ಕಂಪನಿ ಮೇಲ್ ದೃಢೀಕರಿಸಿದ್ದಾರಾ ಅಂತ ತೋರಿಸುತ್ತದೆ. ಹತ್ತು ವರ್ಷದ ಅನುಭವ ಅಂತ ಬರೆದಿದ್ದು, ಖಾತೆ ಹೋದ ತಿಂಗಳದ್ದಾದರೆ ಅನುಮಾನ ಪಡಿ. ಹಳೆಯ ಖಾತೆ ಅಂದ ತಕ್ಷಣ ಅಸಲಿ ಅಂತಲೂ ಅಲ್ಲ, ಹ್ಯಾಕ್ ಮಾಡಿ ಹೆಸರು ಬದಲಿಸಿದ್ದೂ ಇರುತ್ತದೆ. ನನ್ನ ಮಟ್ಟಿಗೆ ದೊಡ್ಡ ಸುಳಿವು ಬೇರೆ: ಎರಡನೇ ಮಾತಿಗೇ ವಾಟ್ಸಾಪ್‌ಗೋ ಟೆಲಿಗ್ರಾಂಗೋ ಬನ್ನಿ ಅನ್ನುವುದು. ದುಡ್ಡು ಕೇಳಿದರಂತೂ ಮಾತೇ ಬೇಡ.

ಕೀಲಿ_ಕಳೆದವ
ಇನ್‌ಕಾಗ್ನಿಟೋದಲ್ಲಿ ಕಾಣಿಸಿತು!! ಮೂಲ ಮೇಲ್ ಕೂಡ ಸಿಕ್ಕಿತು. ಕಳಿಸಿದ ವಿಳಾಸ ನಮ್ಮ ಹೆಸರು, ಆಮೇಲೆ ಹೈಫನ್, ಆಮೇಲೆ 'ಕರಿಯರ್ಸ್', ಡಾಟ್ ಕಾಮ್. ಇದು ನಮ್ಮ ಡೊಮೇನೇ ಅಲ್ಲ. ಡಿಮಾರ್ಕ್ ಬೇರೆ ಪಾಸ್ ಅಂತ ಇದೆ ಹೆಡರ್‌ನಲ್ಲಿ. ಅದು ಹೇಗೆ?

ಟರ್ಮಿನಲ್_ತಿಮ್ಮ
ಪಾಸ್ ಆಗದೆ ಇನ್ನೇನು. ಆ ಡೊಮೇನ್ ಅವರದ್ದು. ಅವರದ್ದೇ ಎಸ್‌ಪಿಎಫ್, ಅವರದ್ದೇ ಡಿಕಿಮ್. ಡಿಮಾರ್ಕ್ ನೋಡುವುದು ಫ್ರಮ್ (ಕಳಿಸಿದವರು) ಸಾಲಿನ ಡೊಮೇನ್ ಮಾತ್ರ. ನಿಮ್ಮ ಹೆಸರನ್ನು ಹೋಲುತ್ತದೆಯಾ ಅನ್ನುವುದು ಅದಕ್ಕೆ ಬೇಡದ ವಿಷಯ. ನೀವು ರಿಜೆಕ್ಟ್ ಹಾಕಿದರೂ ಈ ಮೇಲ್ ನಿಲ್ಲುವುದಿಲ್ಲ.

ಪೋರ್ಟ್_25
ಆದರೂ ರಿಜೆಕ್ಟ್ ಇರಲೇಬೇಕು. ನಾಳೆ ನಿಮ್ಮ ಸ್ವಂತ ಡೊಮೇನ್ ಹೆಸರಲ್ಲೇ ಕಳಿಸಿದರೆ?

ಟರ್ಮಿನಲ್_ತಿಮ್ಮ
ಅದು ನಾಳೆಯ ಮಾತು ಗುರು. ಇವರ ಮನೆಗೆ ಇವತ್ತು ಬೆಂಕಿ ಬಿದ್ದಿದೆ. ಕೀಲಿಯವರೇ, ಆ ಡೊಮೇನ್‌ಗೆ ಹೂಈಸ್ (ಡೊಮೇನ್ ನೋಂದಣಿಯ ದಾಖಲೆ) ಹುಡುಕಿ. ಮಾಲೀಕರ ಹೆಸರು ಸಿಗುವುದು ಕಷ್ಟ, 2018ರಿಂದ ಹೆಚ್ಚಿನವು ಮುಚ್ಚಿಕೊಂಡಿವೆ. ಆದರೆ ನೋಂದಣಿ ದಿನಾಂಕ, ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ), ಅವರ ಅಬ್ಯೂಸ್ (ದುರ್ಬಳಕೆಯ ದೂರು) ಮೇಲ್ ವಿಳಾಸ ಸಿಗುತ್ತದೆ. ಅದಕ್ಕೆ ಬರೆಯಿರಿ. 2024ರ ಏಪ್ರಿಲ್‌ನಿಂದ ರಿಜಿಸ್ಟ್ರಾರ್‌ಗಳ ಜೊತೆಗಿನ ಐಕ್ಯಾನ್ (ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ಒಪ್ಪಂದ ಬದಲಾಗಿದೆ. ಫಿಶಿಂಗ್‌ಗೆ (ಬೇರೆಯವರ ವೇಷದಲ್ಲಿ ಮೇಲ್ ಕಳಿಸಿ ಮೋಸ ಮಾಡುವುದಕ್ಕೆ) ಸರಿಯಾದ ಸಾಕ್ಷಿ ಕೊಟ್ಟರೆ ಡಾಟ್ ಕಾಮ್‌ನಂಥ ಡೊಮೇನ್‌ಗಳ ರಿಜಿಸ್ಟ್ರಾರ್‌ಗಳು ಕ್ರಮ ಕೈಗೊಳ್ಳಲೇಬೇಕು. 'ನಮ್ಮ ಹೆಸರು ಬಳಸಿದ್ದಾರೆ' ಅಂತ ಮಾತ್ರ ಬರೆಯಬೇಡಿ, ಟ್ರೇಡ್‌ಮಾರ್ಕ್ ಜಗಳ ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಫಿಶಿಂಗ್ ಅಂತಲೇ ಬರೆದು, ಪೂರ್ತಿ ಹೆಡರ್, ಆಫರ್ ಲೆಟರ್, ದುಡ್ಡು ಕೇಳಿದ ಸಾಲು ಎಲ್ಲ ಲಗತ್ತಿಸಿ.

ಅಂದಹಾಗೆ ನನ್ನ ರಾಸ್ಪ್‌ಬೆರಿ ಪೈನಲ್ಲಿ (ಪುಟ್ಟ ಕಂಪ್ಯೂಟರ್) ಡಿಎನ್‌ಎಸ್‌ಟ್ವಿಸ್ಟ್ ಅನ್ನುವ ಪ್ರೋಗ್ರಾಂ ದಿನಾ ರಾತ್ರಿ ಓಡುತ್ತದೆ. ಅಕ್ಷರ ತಿರುಚಿದ, ಎಮ್ ಬದಲು ಆರ್ ಮತ್ತು ಎನ್ ಪಕ್ಕಪಕ್ಕ ಇಟ್ಟ, ಸಿರಿಲಿಕ್ ಅಕ್ಷರ ನುಗ್ಗಿಸಿದ ಹೆಸರುಗಳನ್ನೆಲ್ಲ ಹುಡುಕುತ್ತದೆ. ಹೊಸದು ಸಿಕ್ಕರೆ ಫೋನ್‌ಗೆ ಅಲರ್ಟ್. ಗ್ರಫಾನಾದಲ್ಲಿ (ಗ್ರಾಫ್ ತೋರಿಸುವ ಸಾಧನ) ಡ್ಯಾಶ್‌ಬೋರ್ಡ್ ಕೂಡ ಇದೆ.

ಪೋರ್ಟ್_25
ಅದಕ್ಕೆ ಪೈ ಯಾಕೆ? ನಾನು ಹಳೆಯ ಥಿಂಕ್‌ಪ್ಯಾಡ್‌ನಲ್ಲಿ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಹಾಕಿದ್ದೇನೆ, ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ (ವೆಬ್‌ಸೈಟ್‌ಗಳಿಗೆ ಕೊಟ್ಟ ಭದ್ರತಾ ಪ್ರಮಾಣಪತ್ರಗಳ ಬಹಿರಂಗ ದಾಖಲೆ) ಕೂಡ ನೋಡುತ್ತದೆ. ನಿಮ್ಮ ಟ್ವಿಸ್ಟ್‌ಗೆ 'ಹೈಫನ್ ಕರಿಯರ್ಸ್' ಸಿಗುತ್ತಿತ್ತಾ?

ಟರ್ಮಿನಲ್_ತಿಮ್ಮ
ಡಿಕ್ಷನರಿ ಫೈಲ್ (ಹೆಸರಿಗೆ ಸೇರಿಸಿ ನೋಡಬೇಕಾದ ಪದಗಳ ಪಟ್ಟಿ) ಕೊಟ್ಟರೆ ಸಿಗುತ್ತದೆ.

ಪೋರ್ಟ್_25
ಕೊಟ್ಟರೆ.

ಬಳಪ_ಬೋರ್ಡು
ಡ್ಯಾಶ್‌ಬೋರ್ಡ್ ಸ್ಪರ್ಧೆಗೆ ಬೇರೆ ಥ್ರೆಡ್ ತೆರೆಯಿರಿ ಮಾರಾಯ್ರೆ. ಕೀಲಿ ಸಾರ್, ಇಷ್ಟರಲ್ಲಿ ನಿಮ್ಮ ವೆಬ್‌ಸೈಟ್‌ನಲ್ಲಿ, ಅಸಲಿ ಪೇಜಿನಲ್ಲಿ ಒಂದು ಸೂಚನೆ ಹಾಕಿ. ಈ ಒಂದು ವಿಳಾಸದಿಂದ ಮಾತ್ರ ಬರೆಯುತ್ತೇವೆ, ಯಾವ ಹಂತದಲ್ಲೂ ದುಡ್ಡು ಕೇಳುವುದಿಲ್ಲ ಅಂತ. ಬೈಯಲು ಫೋನ್ ಮಾಡಿದವರಿಗೆ ಮೊದಲು ಬ್ಯಾಂಕಿಗೆ ತಿಳಿಸಲು ಹೇಳಿ. ಆ ನಕಲಿಯವನ ಜೊತೆ ನೀವೇ ಚಾಟ್ ಮಾಡಲು ಹೋಗಬೇಡಿ, ಎಚ್ಚೆತ್ತುಕೊಂಡು ಹೆಸರು ಬದಲಿಸುತ್ತಾನೆ.

ಕೀಲಿ_ಕಳೆದವ
ಅಪ್‌ಡೇಟ್: ರಿಜಿಸ್ಟ್ರಾರ್‌ನಿಂದ ಉತ್ತರ ಬಂತು. ಹೂಈಸ್‌ನಲ್ಲಿ ಈಗ 'ಕ್ಲೈಂಟ್ ಹೋಲ್ಡ್' ಅಂತ ಇದೆ. ಅಂದರೆ ಏನು?

ಟರ್ಮಿನಲ್_ತಿಮ್ಮ
ಡಿಎನ್‌ಎಸ್‌ನಿಂದ (ಡೊಮೇನ್ ಹೆಸರಿನ ಸರ್ವರ್ ಎಲ್ಲಿದೆ ಅಂತ ಹೇಳುವ ವ್ಯವಸ್ಥೆಯಿಂದ) ತೆಗೆದಿದ್ದಾರೆ. ಆ ಹೆಸರಲ್ಲಿ ವೆಬ್‌ಸೈಟೂ ಇಲ್ಲ, ಮೇಲೂ ಇಲ್ಲ.

ಕೀಲಿ_ಕಳೆದವ
ಅಬ್ಬಾ. ಆದರೆ ಪ್ರೊಫೈಲ್ ಇನ್ನೂ ಹಾಗೇ ಇದೆ, ಈಗ ಜಿಮೇಲ್ ವಿಳಾಸ ಕೊಡುತ್ತಿದ್ದಾನಂತೆ. ತಪ್ಪು ಮಾಹಿತಿಯ ಅರ್ಜಿ ಹಾಕಿದ್ದೇನೆ, ಕಾಯುತ್ತಿದ್ದೇನೆ.

ಅರ್ಜಿದಾರ_07
ತಿಮ್ಮಣ್ಣ, ಆ ಡಿಕ್ಷನರಿ ಫೈಲ್ ಇಲ್ಲಿ ಹಾಕುತ್ತೀರಾ?