ಕ್ರಿಸ್‌ಮಸ್ ಬ್ರಂಚ್‌ಗೆ ಹಣ್ಣಿನ ರಸ, ಸ್ಪಾರ್ಕ್ಲಿಂಗ್ ವೈನ್: ದಾಳಿಂಬೆನಾ, ಕಿತ್ತಳೆನಾ?

ಅಡುಗೆಮನೆ_ಕಿಟಕಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ದಿನದ ಬ್ರಂಚ್ ನಮ್ಮ ಮನೆಯಲ್ಲಿ. ಬೆಳಗಿನ ಪೂಜೆ ಮುಗಿಸಿಕೊಂಡು ಹನ್ನೊಂದು ಗಂಟೆ ಹೊತ್ತಿಗೆ ಎಲ್ಲರೂ ಬರುತ್ತಾರೆ. ದೊಡ್ಡವರು ಹನ್ನೆರಡು ಜನ, ಅವರಲ್ಲಿ ಮೂವರು ಕುಡಿಯುವುದಿಲ್ಲ, ಜೊತೆಗೆ ನಾಲ್ಕು ಮಕ್ಕಳು. ಅತ್ತೆ ಮಂಗಳೂರಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ತರುತ್ತಾರೆ. ಊಟಕ್ಕೆ ಸನ್ನ, ಹಂದಿ ಬಾಫಾತ್, ಕೋಳಿ ಸುಕ್ಕ. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಹೇಗೂ ಇದೆ, ಅದು ಕೇಕ್ ಜೊತೆಗೆ.

ಆದರೆ ಬಂದವರ ಕೈಗೆ ಮೊದಲು ಕೊಡುವುದಕ್ಕೆ ಹಣ್ಣಿನ ರಸ ಮತ್ತು ಸ್ಪಾರ್ಕ್ಲಿಂಗ್ ವೈನ್ ಬೆರೆಸಿ ಏನಾದರೂ ಮಾಡಬೇಕು ಅಂತ ಆಸೆ. ಬಣ್ಣ ಹಬ್ಬದ ಹಾಗೆ ಕಾಣಬೇಕು, ಪ್ಯಾಕೆಟ್ ಜ್ಯೂಸ್ ಬೇಡ. ಯಾವ ಹಣ್ಣು ಒಳ್ಳೆಯದು? ಯಾವ ಥರದ ಬಾಟಲಿ ತರಲಿ, ಎಷ್ಟು ತರಲಿ? ಅವತ್ತು ಬೆಳಗ್ಗೆ ನಾನೂ ಚರ್ಚ್‌ಗೆ ಹೋಗಬೇಕು, ಆದ್ದರಿಂದ ಹಿಂದಿನ ರಾತ್ರಿಯೇ ಎಷ್ಟು ಕೆಲಸ ಮುಗಿಸಬಹುದು ಅನ್ನುವುದು ಮುಖ್ಯ. ಕೆಲವರು ದೊಡ್ಡ ಜಗ್‌ನಲ್ಲಿ ಎಲ್ಲ ಬೆರೆಸಿ ಇಟ್ಟುಬಿಡು ಅನ್ನುತ್ತಾರೆ. ಅದು ಸರೀನಾ?

ಟ್ರೆವಿಸೊ_ಕನ್ನಡಿಗ

ಜಗ್‌ನಲ್ಲಿ ಬೆರೆಸಿ ಇಡಬೇಡಿ, ದಯವಿಟ್ಟು. ಸ್ಪಾರ್ಕ್ಲಿಂಗ್ ವೈನ್‌ಗೆ ನೀವು ಕೊಡುವ ದುಡ್ಡೆಲ್ಲ ಆ ಗುಳ್ಳೆಗೆ, ಅದು ಜಗ್‌ನಲ್ಲೇ ಹೊರಟುಹೋದರೆ ಉಳಿಯುವುದು ಹುಳಿ ರಸ ಅಷ್ಟೇ. ಹಣ್ಣಿನ ರಸ ಬೇಕಾದರೆ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡಿ. ವೈನ್ ಮಾತ್ರ ಒಂದೊಂದು ಗ್ಲಾಸ್‌ಗೆ, ಕೊಡುವ ಹೊತ್ತಿಗೆ.

ನಾನಿರುವುದು ಉತ್ತರ ಇಟಲಿಯಲ್ಲಿ, ಪ್ರೊಸೆಕ್ಕೊ ಅನ್ನುವ ಇಲ್ಲಿನ ಸ್ಪಾರ್ಕ್ಲಿಂಗ್ ವೈನ್‌ಗೆ ದ್ರಾಕ್ಷಿ ಬೆಳೆಯುವ ಗುಡ್ಡಗಳ ಹತ್ತಿರ. ಇಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಹಣ್ಣು ಮತ್ತು ಸ್ಪಾರ್ಕ್ಲಿಂಗ್ ವೈನ್ ಅಂದ ಕೂಡಲೇ ಎಲ್ಲರೂ ಹೇಳುವ ಬೆಲ್ಲಿನಿ ಹುಟ್ಟಿದ್ದು ಅಲ್ಲೇ, ಜುಸೆಪ್ಪೆ ಚಿಪ್ರಿಯಾನಿ 1931ರಲ್ಲಿ ಶುರುಮಾಡಿದ ಹ್ಯಾರಿಸ್ ಬಾರ್‌ನಲ್ಲಿ. ಬಿಳಿ ಪೀಚ್ ಹಣ್ಣಿನ ತಿರುಳು, ಅದರ ಮೇಲೆ ಪ್ರೊಸೆಕ್ಕೊ. ಆದರೆ ಪೀಚ್ ಬೇಸಿಗೆಯ ಹಣ್ಣು. ಡಿಸೆಂಬರ್‌ನಲ್ಲಿ ಅದನ್ನು ಡಬ್ಬದಿಂದ ತೆಗೆದು ಮಾಡುವುದರಲ್ಲಿ ಏನೂ ಸುಖ ಇಲ್ಲ, ಇಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ.

ಚಳಿಗಾಲಕ್ಕೆ ಇದೇ ಕುಟುಂಬದ ಇನ್ನೆರಡು ಇವೆ. ದಾಳಿಂಬೆ ರಸ ಹಾಕಿದರೆ ಅದಕ್ಕೆ ಟಿಂಟೊರೆಟ್ಟೊ ಅನ್ನುತ್ತಾರೆ. ಕಿತ್ತಳೆ ರಸ ಹಾಕಿದರೆ ಪುಚ್ಚಿನಿ. ಕಿತ್ತಳೆ ಅಂದರೆ ನಮ್ಮ ಸುಲಿಯುವ ಕಿತ್ತಳೆಯ ಜಾತಿ, ಜ್ಯೂಸ್ ಅಂಗಡಿಯ ದಪ್ಪ ಸಿಪ್ಪೆಯದಲ್ಲ. ಸ್ಟ್ರಾಬೆರಿ ಹಾಕಿದ್ದು ರೊಸ್ಸಿನಿ. ನಿಮಗೆ ಹಬ್ಬದ ಬಣ್ಣ ಬೇಕು, ಊಟಕ್ಕೆ ಬಾಫಾತ್ ಇದೆ, ಕರ್ನಾಟಕದಲ್ಲಿ ಒಳ್ಳೆಯ ದಾಳಿಂಬೆ ಸಿಗುತ್ತದೆ. ಕಣ್ಣು ಮುಚ್ಚಿ ದಾಳಿಂಬೆ ಮಾಡಿ. ನನ್ನ ಮತ ಅದಕ್ಕೇ.

ರಸ ತೆಗೆಯುವಾಗ ಒಂದು ಎಚ್ಚರ. ಕಾಳು ಬಿಡಿಸುವಾಗ ಒಳಗಿನ ಹಳದಿ ಪೊರೆ ಒಂದು ಚೂರೂ ಬರಬಾರದು, ಅದು ಒಗರು. ಹಣ್ಣು ಕತ್ತರಿಸಿ ನೀರಿರುವ ಪಾತ್ರೆಯೊಳಗೆ ಬಿಡಿಸಿದರೆ ಕಾಳು ತಳಕ್ಕೆ ಹೋಗುತ್ತದೆ, ಪೊರೆ ಮೇಲೆ ತೇಲುತ್ತದೆ, ಕೈಯಲ್ಲಿ ಬಳಿದು ತೆಗೆದರೆ ಆಯಿತು. ಆಮೇಲೆ ಮಿಕ್ಸಿಗೆ ಹಾಕಿ ಎರಡು ಮೂರು ಸಲ ಸುಮ್ನೆ ಹಿಂದಕ್ಕೆ ತಿರುಗಿಸಿ ಬಿಡಿ, ಅಷ್ಟೇ. ಜಾಸ್ತಿ ಓಡಿಸಿದರೆ ಒಳಗಿನ ಬೀಜ ಒಡೆದು ಕಹಿ ಬರುತ್ತದೆ, ರಸದ ಬಣ್ಣವೂ ಮಣ್ಣು ಮಣ್ಣಾಗುತ್ತದೆ. ಮೊದಲು ಜರಡಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಒತ್ತಿ ಹಿಂಡಬೇಡಿ, ತಾನಾಗಿ ಇಳಿಯಲಿ. ಹೀಗೆ ಸೋಸಿದ ರಸ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಚೆನ್ನಾಗಿರುತ್ತದೆ.

ಬಾರ್_ಕೌಂಟರ್ (ಬೆಂಗಳೂರು)

ಮೇಲಿನವರು ಹಣ್ಣಿನ ಭಾಗ ಚೆನ್ನಾಗಿ ಹೇಳಿದ್ದಾರೆ. ನಾನು ಹೋಟೆಲ್ ಬಾರ್‌ನಲ್ಲಿ ಕೆಲಸ ಮಾಡುವವನು, ಭಾನುವಾರದ ಬ್ರಂಚ್ ಅಂದರೆ ನಮಗೆ ದಿನವಿಡೀ ಇದೇ ಕೆಲಸ. ಬಾಟಲಿ ವಿಷಯ ನಾನು ಹೇಳುತ್ತೇನೆ.

ಫ್ರಾನ್ಸಿನ ಶಾಂಪೇನ್ ತರಬೇಡಿ ಮೇಡಂ. ಅದಕ್ಕೆ ಬೆಲೆ ಇರುವುದು ಬಾಟಲಿಯೊಳಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಗಿ ಬರುವ ಸಣ್ಣ ಪರಿಮಳಕ್ಕೆ. ದಾಳಿಂಬೆ ರಸ ಬಿದ್ದರೆ ಅದು ಯಾರಿಗೂ ಗೊತ್ತಾಗಲ್ಲ. ನಮ್ಮಲ್ಲೇ ಸುಲಾ ಬ್ರೂಟ್ ಇದೆ, ಶಾಂಡನ್ ಬ್ರೂಟ್ ಇದೆ, ಎರಡೂ ನಾಸಿಕ್ ಕಡೆಯವು, ಬಾಟಲಿಯಲ್ಲೇ ಎರಡನೇ ಸಲ ಹುದುಗು ಬರಿಸಿ ಮಾಡಿದಂಥವು. ಪ್ರೊಸೆಕ್ಕೊ ಸಿಕ್ಕರೆ ಅದೂ ಆಗುತ್ತದೆ, ಅದನ್ನು ದೊಡ್ಡ ಟ್ಯಾಂಕ್‌ನಲ್ಲಿ ಹುದುಗಿಸುವುದರಿಂದ ಹಣ್ಣಿನ ವಾಸನೆ ಜಾಸ್ತಿ.

ಲೇಬಲ್ ಮೇಲೆ ಒಂದು ವಿಷಯ ನೋಡಿಕೊಳ್ಳಿ, ಇದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬ್ರೂಟ್ ಅಂದರೆ ಲೀಟರ್‌ಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂತ ಬರೆದಿದ್ದರೆ 12ರಿಂದ 17 ಗ್ರಾಂ, ಅಂದರೆ ಹೆಸರಿಗೆ ಡ್ರೈ, ಆದರೆ ಬ್ರೂಟ್‌ಗಿಂತ ಸಿಹಿ. ಬರೀ ಡ್ರೈ ಅಂದರೆ ಇನ್ನೂ ಸಿಹಿ, ಡೆಮಿ ಸೆಕ್ ಅದಕ್ಕಿಂತ ಸಿಹಿ. ಹಣ್ಣಿನ ರಸದಲ್ಲಿ ಆಗಲೇ ಸಿಹಿ ಇರುವುದರಿಂದ ನೀವು ಬ್ರೂಟ್ ತನ್ನಿ.

ಅಳತೆ: 100 ಮಿಲಿ ವೈನ್, 50 ಮಿಲಿ ದಾಳಿಂಬೆ ರಸ. ಕಿತ್ತಳೆ ಆದರೆ ಅರ್ಧಕ್ಕರ್ಧ ಹಾಕುವವರೂ ಇದ್ದಾರೆ, ಮಿಮೋಸಾ ಅಂತ ಬಾರ್‌ಗಳಲ್ಲಿ ಕೊಡುವುದು ಹಾಗೆಯೇ. ನನಗೆ ಅದು ನೀರುನೀರು ಅನಿಸುತ್ತದೆ. ಒಂದು ಬಾಟಲಿ 750 ಮಿಲಿ, ಅಂದರೆ ಏಳು ಗ್ಲಾಸ್. ಕುಡಿಯುವವರು ಒಂಬತ್ತು ಜನ, ತಲೆಗೆ ಎರಡು ಅಂದರೂ ಹದಿನೆಂಟು. ಮೂರು ಬಾಟಲಿ ಸಾಕು. ರಸ ಒಂದು ಲೀಟರ್ ಹತ್ತಿರ ಬೇಕಾಗುತ್ತದೆ, ಹಣ್ಣು ಮೂರು ಕಿಲೋ ತನ್ನಿ, ಮಕ್ಕಳಿಗೂ ಆಗುತ್ತದೆ.

ಇನ್ನು ತಣ್ಣಗಿರುವುದು. ಇದು ಎಲ್ಲಕ್ಕಿಂತ ಮುಖ್ಯ. ವೈನ್ ಬೆಚ್ಚಗಿದ್ದಷ್ಟೂ ಗ್ಯಾಸ್ ಬೇಗ ಹೊರಗೆ ಬರುತ್ತದೆ, ತೆರೆದ ಕೂಡಲೇ ಉಕ್ಕಿ ಅರ್ಧ ನೆಲಕ್ಕೆ ಹೋಗುತ್ತದೆ. ಬಾಟಲಿ 6ರಿಂದ 8 ಡಿಗ್ರಿ ಇರಬೇಕು. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಇಡಿ. ಹಬ್ಬದ ದಿನ ಫ್ರಿಜ್‌ನಲ್ಲಿ ಜಾಗ ಇರಲ್ಲ ಅಂದರೆ ಬಕೆಟ್‌ಗೆ ಐಸ್, ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಕುತ್ತಿಗೆವರೆಗೆ ಮುಳುಗಿಸಿ. ಅರ್ಧ ಗಂಟೆಯಲ್ಲಿ ಆಗುತ್ತದೆ. ಬರೀ ಐಸ್ ಸಾಲದು, ನೀರು ಬೇಕೇ ಬೇಕು, ಬಾಟಲಿಗೆ ಸುತ್ತಲೂ ತಾಗುವುದು ಅದೇ. ಫ್ರೀಜರ್‌ನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ, ಹಾಗಾಗಿ ಆ ದಾರಿ ಬೇಡ. ರಸವೂ ಅಷ್ಟೇ ತಣ್ಣಗಿರಬೇಕು.

ತೆರೆಯುವಾಗ ಯಾರ ಮುಖದ ಕಡೆಗೂ ಹಿಡಿಯಬೇಡಿ, ಅದರಲ್ಲೂ ಮಕ್ಕಳಿದ್ದಾರೆ. ಒಳಗಿನ ಒತ್ತಡ ಕಾರಿನ ಟೈರಿನ ಒತ್ತಡಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ತಂತಿ ಸಡಿಲಿಸುವಾಗಲೇ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಟ್ಟೆ ಸುತ್ತಿ, ಬಾಟಲಿ ಓರೆ ಮಾಡಿ, ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಡಬ್ ಅಂತ ಸದ್ದು ಬರಬೇಕಿಲ್ಲ, ಉಸ್ ಅಂದರೆ ಸರಿಯಾಗಿ ತೆರೆದಿದ್ದೀರಿ ಅಂತ.

ಸಿದ್ದಾಪುರ_ತೋಟ (ಕೊಡಗು)

ದಾಳಿಂಬೆ ಸರಿ, ಆದರೆ ಕಿತ್ತಳೆಯನ್ನು ಅಷ್ಟು ಬೇಗ ಬಿಡಬೇಡಿ. ಕೊಡಗಿನ ಕಿತ್ತಳೆ ಸಿಕ್ಕರೆ ಅದರ ಹುಳಿ ಸಿಹಿ ಎರಡೂ ಸೇರಿದ ರುಚಿ ವೈನ್‌ಗೆ ತುಂಬ ಹೊಂದುತ್ತದೆ. ರೋಗ ಬಂದು ತೋಟಗಳು ಕಮ್ಮಿಯಾಗಿವೆ, ಎಲ್ಲ ಕಡೆ ಸಿಗಲ್ಲ, ಅದು ನಮಗೆ ಬೇಸರದ ವಿಷಯ. ಬೆಂಗಳೂರಿನಲ್ಲಿ ಡಿಸೆಂಬರ್ ಹೊತ್ತಿಗೆ ನಾಗಪುರದ ಕಿತ್ತಳೆ ಇರುತ್ತದೆ, ಅದರಲ್ಲೂ ಮಾಡಬಹುದು.

ಆದರೆ ಕಿತ್ತಳೆ ರಸ ರಾತ್ರಿ ತೆಗೆದಿಡಬೇಡಿ. ಇಟ್ಟಷ್ಟೂ ಕಹಿ ಏಳುತ್ತದೆ. ಮಿಕ್ಸಿಯಂತೂ ಬೇಡವೇ ಬೇಡ, ಬೀಜ ಮತ್ತು ಬಿಳಿ ನಾರು ಅರೆದುಹೋಗುತ್ತದೆ. ಅಡ್ಡ ಕತ್ತರಿಸಿ ಕೈಯಲ್ಲೇ ಹಿಂಡಿ ಸೋಸಬೇಕು. ನೀವು ಚರ್ಚ್‌ಗೆ ಹೋಗುವವರು, ಅಷ್ಟು ಸಮಯ ಇಲ್ಲ ಅಂದರೆ ರಾತ್ರಿ ಮಾಡಿಡಬಹುದಾದ ದಾಳಿಂಬೆಯೇ ವಾಸಿ. ಒಂದೆರಡು ಕಿತ್ತಳೆಯ ಸಿಪ್ಪೆಯನ್ನು ಚಾಕುವಿನಲ್ಲಿ ತೆಳುವಾಗಿ ಎತ್ತಿ, ಗ್ಲಾಸ್ ಮೇಲೆ ಹಿಡಿದು ಮುರಿಯಿರಿ. ಸಿಪ್ಪೆಯಿಂದ ಸಣ್ಣ ಎಣ್ಣೆ ಹನಿ ಚಿಮ್ಮಿ ನೊರೆಯ ಮೇಲೆ ಕೂರುತ್ತದೆ. ಮೂಗಿನ ಹತ್ತಿರ ತಂದಾಗ ಮೊದಲು ಬರುವುದು ಅದೇ ಘಮ. ಕಣ್ಣಿಗೆ ದಾಳಿಂಬೆ, ಮೂಗಿಗೆ ಕಿತ್ತಳೆ.

ಮಕ್ಕಳಿಗೆ ಮತ್ತು ಕುಡಿಯದವರಿಗೆ ನಮ್ಮ ಮನೆಯಲ್ಲಿ ಪ್ಯಾಷನ್ ಫ್ರೂಟ್ ಮಾಡುತ್ತೇವೆ. ತಿರುಳನ್ನು ಜರಡಿಯಲ್ಲಿ ಚಮಚದಿಂದ ಉಜ್ಜಿ ಬೀಜ ಬೇರೆ ಮಾಡಿ, ಸಕ್ಕರೆ ಪಾಕ ಬೆರೆಸಿ, ಕೊಡುವಾಗ ತಣ್ಣನೆಯ ಸೋಡಾ. ಅವರಿಗೂ ಒಳ್ಳೆಯ ಗ್ಲಾಸ್‌ನಲ್ಲೇ ಕೊಡಿ. ಕುಡಿಯದವರಿಗೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಲೋಟ ಕೊಡುವುದು ನನಗೆ ಸರಿ ಕಾಣಲ್ಲ. ಆದರೆ ಗ್ಲಾಸಿನ ಆಕಾರ ಬೇರೆ ಇರಲಿ, ಬಣ್ಣವೂ ಬೇರೆ ಇರಲಿ, ಮಕ್ಕಳು ಅದಲು ಬದಲು ಮಾಡಿಕೊಳ್ಳಬಾರದು ನೋಡಿ.

ಕುಲ್ಕುಲ್_ಡಬ್ಬಿ (ಮಂಗಳೂರು)

ಬ್ರೂಟ್ ಅನ್ನುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ನಮ್ಮ ಮನೆಗಳಲ್ಲಿ ಬಂದ ಕೂಡಲೇ ತಟ್ಟೆಯಲ್ಲಿ ನೆವ್ರಿ, ಕಿಡ್ಯೊ, ಗುಲಿಯೊ ಬರುತ್ತದೆ ಅಲ್ವಾ? ಸಿಹಿ ತಿಂದ ಬಾಯಿಗೆ ಬ್ರೂಟ್ ಹಾಕಿದರೆ ಬರೀ ಹುಳಿ. ಹಿರಿಯರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ಕೆಳಗಿಡುತ್ತಾರೆ. ಅವರಿಗೂ ಇಷ್ಟ ಆಗಬೇಕಲ್ಲ, ಹಬ್ಬ ಅವರದ್ದೂ ತಾನೇ.

ಬಾರ್_ಕೌಂಟರ್ (ಬೆಂಗಳೂರು)

ನೀವು ಹೇಳಿದ್ದು ನಿಜ. ಸಿಹಿ ತಿಂಡಿ ಜೊತೆ ಕುಡಿಯುವುದಾದರೆ ವೈನ್ ಆ ತಿಂಡಿಯಷ್ಟಾದರೂ ಸಿಹಿ ಇರಬೇಕು. ಅದಕ್ಕೆ ಎರಡು ದಾರಿ. ಕುಸ್ವಾರ್ ತಟ್ಟೆಯನ್ನು ಊಟ ಆದ ಮೇಲೆ, ಮನೆಯ ದ್ರಾಕ್ಷಿ ವೈನ್ ಜೊತೆ ಇಡುವುದು, ಮೊದಲ ಗ್ಲಾಸ್ ಜೊತೆಗೆ ಹುರಿದ ಗೋಡಂಬಿ, ಕಟ್ಲೆಟ್, ಉಪ್ಪು ಖಾರದ್ದು ಏನಾದರೂ ಕೊಡುವುದು. ಎಣ್ಣೆ, ಉಪ್ಪು ಇರುವ ತಿಂಡಿಗೆ ಬ್ರೂಟ್‌ನಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ. ಇಲ್ಲವಾದರೆ ಒಂದು ಬಾಟಲಿ ಮಾತ್ರ ಸಿಹಿ ಇರುವುದು ತಂದು ಹಿರಿಯರಿಗೆ ಅಂತ ಇಡಿ. ಬಾಫಾತ್ ಖಾರಕ್ಕೂ ಸ್ವಲ್ಪ ಸಿಹಿ ಇರುವುದೇ ಹಿತ, ಆಲ್ಕೋಹಾಲ್ ಖಾರವನ್ನು ಇನ್ನೂ ಉರಿಸುತ್ತದೆ.

ಸಿಹಿ ಸಾಲದು ಅಂತ ಗ್ಲಾಸ್‌ಗೆ ಸಕ್ಕರೆ ಹಾಕಬೇಡಿ, ಹರಳು ಬಿದ್ದ ತಕ್ಷಣ ಗ್ಯಾಸೆಲ್ಲ ಅದಕ್ಕೆ ಅಂಟಿ ಉಕ್ಕುತ್ತದೆ. ಸಮಸಮ ಸಕ್ಕರೆ ನೀರಿನ ಪಾಕ ಮಾಡಿ ರಸಕ್ಕೇ ಮೊದಲೇ ಬೆರೆಸಿ.

ಅಡುಗೆಮನೆ_ಕಿಟಕಿ (ಬೆಂಗಳೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾಳಿಂಬೆ ಅಂತ ಗಟ್ಟಿ ಆಯಿತು, ಕಿತ್ತಳೆ ಸಿಪ್ಪೆ ಮೇಲೆ. ಎರಡು ಬ್ರೂಟ್, ಒಂದು ಎಕ್ಸ್‌ಟ್ರಾ ಡ್ರೈ ಪ್ರೊಸೆಕ್ಕೊ ತರುತ್ತೇನೆ, ಅತ್ತೆ ಮತ್ತು ಅವರ ಅಕ್ಕನಿಗೆ ಅದು. ಮಕ್ಕಳಿಗೆ ಪ್ಯಾಷನ್ ಫ್ರೂಟ್ ಸೋಡಾ. ಇನ್ನೂ ಮೂರು ಪ್ರಶ್ನೆ. ಗ್ಲಾಸ್‌ಗೆ ಮೊದಲು ರಸವೋ ವೈನೋ? ಐಸ್ ಹಾಕಬಹುದಾ? ಮತ್ತೆ ತೆರೆದ ಬಾಟಲಿ ಉಳಿದರೆ ಕುತ್ತಿಗೆಯಲ್ಲಿ ಬೆಳ್ಳಿ ಚಮಚ ಇಟ್ಟರೆ ಗುಳ್ಳೆ ಹೋಗಲ್ಲ ಅಂತ ನಾದಿನಿ ಹೇಳುತ್ತಿದ್ದಳು, ಅದು?

ಟ್ರೆವಿಸೊ_ಕನ್ನಡಿಗ

ಮೊದಲು ರಸ ಹಾಕಿ, ಗ್ಲಾಸ್ ಓರೆ ಹಿಡಿದು ವೈನ್ ಗೋಡೆಗುಂಟ ಇಳಿಸಿ. ಅರ್ಧ ಬಂದಾಗ ನಿಲ್ಲಿಸಿ, ನೊರೆ ಕೂರಲಿ, ಆಮೇಲೆ ಉಳಿದದ್ದು. ಗಡಿಬಿಡಿ ಮಾಡಿದರೆ ಮೇಜೆಲ್ಲ ಕೆಂಪು, ಬಿಳಿ ಮೇಜುಬಟ್ಟೆ ಹಾಸಿದ್ದರಂತೂ ಕಲೆ ಹೋಗಲ್ಲ. ಚಮಚದಲ್ಲಿ ತಳದಿಂದ ಒಂದು ಸಲ ನಿಧಾನವಾಗಿ ಎತ್ತಿ ಬಿಡಿ, ಕಲಕಬೇಡಿ. ಐಸ್ ಬೇಡ, ಕರಗಿ ನೀರಾಗುತ್ತದೆ. ಬದಲಿಗೆ ದಾಳಿಂಬೆ ಕಾಳು ನಾಲ್ಕೈದು ಗ್ಲಾಸಿನ ತಳದಲ್ಲಿ ಮೊದಲೇ ಹಾಕಿ. ಗುಳ್ಳೆ ಅಂಟಿಕೊಂಡು ಕಾಳು ಮೇಲೆ ಏಳುತ್ತದೆ, ಗುಳ್ಳೆ ಒಡೆದ ಮೇಲೆ ಮತ್ತೆ ಇಳಿಯುತ್ತದೆ. ಮಕ್ಕಳ ಸೋಡಾಕ್ಕೂ ಹಾಕಿ, ನೋಡುತ್ತಾ ಕೂರುತ್ತಾರೆ.

ಬಾರ್_ಕೌಂಟರ್ (ಬೆಂಗಳೂರು)

ಚಮಚದಿಂದ ಏನೂ ಆಗಲ್ಲ. ಸ್ವಲ್ಪ ಗುಳ್ಳೆ ಉಳಿದಿದ್ದರೆ ಅದು ಫ್ರಿಜ್‌ನ ತಂಪಿನಿಂದ, ಚಮಚದಿಂದ ಅಲ್ಲ. ಸ್ಪಾರ್ಕ್ಲಿಂಗ್ ಬಾಟಲಿಗೆ ಅಂತಲೇ ಎರಡು ಕೈ ಇರುವ ಸ್ಟೀಲ್ ಮುಚ್ಚಳ ಸಿಗುತ್ತದೆ, ಬಾಟಲಿ ಬಾಯಿಯ ಕೆಳಗಿನ ಅಂಚಿಗೆ ಕಚ್ಚಿ ಹಿಡಿಯುತ್ತದೆ. ಅದನ್ನು ಹಾಕಿ ಫ್ರಿಜ್‌ನಲ್ಲಿ ನೇರ ನಿಲ್ಲಿಸಿದರೆ ಮರುದಿನಕ್ಕೂ ಆಗುತ್ತದೆ. ಮೂರನ್ನೂ ಒಟ್ಟಿಗೆ ತೆರೆಯಬೇಡಿ, ಒಂದು ಖಾಲಿ ಆದ ಮೇಲೆ ಇನ್ನೊಂದು.

ಗ್ಲಾಸ್‌ಗಳನ್ನು ರಾತ್ರಿಯೇ ತೊಳೆದು ಎರಡು ಸಲ ಬರೀ ನೀರಲ್ಲಿ ಜಾಲಿಸಿ ಬೋರಲು ಹಾಕಿ. ಸೋಪಿನ ಅಂಶ ಉಳಿದರೆ ನೊರೆ ನಿಲ್ಲುವುದೇ ಇಲ್ಲ. ಮತ್ತೆ ಗಾಡಿ ಓಡಿಸಿಕೊಂಡು ಬರುವವರಿಗೆ ಮೊದಲೇ ಫೋನ್ ಮಾಡಿ ಹೇಳಿ. ಹಣ್ಣಿನ ರಸ ಇದೆ ಅಂತ ಹಗುರ ಅನಿಸುತ್ತದೆ, ಆದರೆ ವೈನ್‌ನಲ್ಲಿ ಶೇಕಡಾ 11, 12 ಆಲ್ಕೋಹಾಲ್ ಇದ್ದೇ ಇರುತ್ತದೆ, ಗುಳ್ಳೆ ಇರುವುದು ಬೇಗ ಏರುತ್ತದೆ ಬೇರೆ. ನಮ್ಮ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅದು ತೀರಾ ಕಮ್ಮಿ. ಅವರು ಕ್ಯಾಬ್‌ನಲ್ಲಿ ಬರಲಿ, ಇಲ್ಲವಾದರೆ ಪ್ಯಾಷನ್ ಫ್ರೂಟ್ ಸೋಡಾ ಕುಡಿಯಲಿ.