ಡಯಾಡೋಕಿ ಕ್ಯಾಂಪೇನ್ ಮೂರನೇ ಕಾಳಗಕ್ಕೇ ಮಲಗ್ತಿದೆ, ಏನಾದ್ರೂ ದಾರಿ ಹೇಳಿ

ಫ್ಯಾಲಂಕ್ಸ್_ಪುಟ್ಟ
ಆಟ ಡಿಬಿಎ, ಬೊಂಬೆ ಸೈನಿಕರ ಯುದ್ಧದಾಟ; ಸೇನೆಗೆ 12 ಎಲಿಮೆಂಟ್, ಅಂದ್ರೆ ಒಂದೊಂದು ಬೇಸ್ ಮೇಲೆ ಅಂಟಿಸಿದ ಬೊಂಬೆ ಗುಂಪು. ಕಾಳಗಗಳ ಸರಣಿಯಾಗಿ ಆಡ್ತಿದ್ದೀವಿ. ಐದು ಜನ, ಅಲೆಕ್ಸಾಂಡರ್ ಸತ್ತ ಮೇಲೆ ರಾಜ್ಯಕ್ಕಾಗಿ ಹೊಡೆದಾಡಿದ ಸೇನಾಪತಿಗಳು (ಡಯಾಡೋಕಿ), ಕ್ರಿ.ಪೂ. 315ರಿಂದ ಶುರು: ಆಂಟಿಗೋನಸ್, ಟಾಲೆಮಿ, ಸೆಲ್ಯೂಕಸ್, ಕ್ಯಾಸಾಂಡರ್, ಲೈಸಿಮೇಕಸ್. ಎರಡನೇ ಸಲ ಆಡ್ತಿದ್ದೀವಿ, ಎರಡು ಸಲವೂ ಅದೇ ಹಣೆಬರಹ. ಮೊದಲ ಕಾಳಗ ಗೆದ್ದವನೇ ಎರಡನೆಯದನ್ನೂ ಗೆಲ್ತಾನೆ. ಮೂರನೆಯದಕ್ಕೆ ಸೋತವನು ದಾಳ ಮುಟ್ಟೋದೇ ಇಲ್ಲ, "ಸಿರಿಯಾ ನೀನೇ ಇಟ್ಕೋ" ಅಂತ ಎದ್ದು ಹೋಗ್ತಾನೆ. ಮ್ಯಾಪು, ಸರಬರಾಜು ಎಲ್ಲಾ ಸರಿಯಾಗೇ ಇದೆ. ತಲೆ ಕೆಟ್ಟಿದೆ.

ಗಜಬಲ
ಆನೆ ಎಷ್ಟು ಕೊಟ್ಟಿದ್ದೀರಿ? ನೂರಕ್ಕೆ ನೂರು ಅದೇ ಕಾರಣ. ನೈಟ್ಸ್ (ಭಾರೀ ಕುದುರೆ ಪಡೆ) ಆನೆಗೆ ಸೋತರೆ ನೇರ ಸಾವು. ಒಂದೇ ಆನೆ ಎದುರಾಳಿಯ ಕುದುರೆ ಪಕ್ಕವನ್ನೆಲ್ಲ ತಿಂದು ಹಾಕುತ್ತೆ.

ಫ್ಯಾಲಂಕ್ಸ್_ಪುಟ್ಟ
ಆಂಟಿಗೋನಸ್‌ಗೆ 1, ಸೆಲ್ಯೂಕಸ್‌ಗೆ 2. ಆದರೆ ಆನೆ ಇಲ್ಲದವರ ನಡುವೆಯೂ ಇದೇ ಗೋಳು.

ಗಜಬಲ
ಸೆಲ್ಯೂಕಸ್‌ಗೆ 2 ಯಾಕೆ? ಚಂದ್ರಗುಪ್ತನ 500 ಆನೆ ಬಂದದ್ದು ಸುಮಾರು ಕ್ರಿ.ಪೂ. 303ರಲ್ಲಿ. ಮೊದಲು ಅದನ್ನು ತೆಗೀರಿ, ಆಮೇಲೆ ಮಾತು.

ಹಳೇದಾಳ
ಆನೆ ಬಿಡಿ, 315ರಲ್ಲಿ ಸೆಲ್ಯೂಕಸ್ ಹತ್ತಿರ ಬ್ಯಾಬಿಲೋನೇ ಇರಲಿಲ್ಲವಲ್ಲ. ಈಜಿಪ್ಟಿನಲ್ಲಿ ಟಾಲೆಮಿಯ ಆಶ್ರಯದಲ್ಲಿದ್ದ. ಇರಲಿ. ಪುಟ್ಟ, ಕಳೆದುಕೊಂಡ ಎಲಿಮೆಂಟ್ ವಾಪಸ್ ಬರೋದು ಹೇಗೆ? ಅದನ್ನೇ ಬರೆದಿಲ್ಲ.

ಫ್ಯಾಲಂಕ್ಸ್_ಪುಟ್ಟ
ಸತ್ತದ್ದು ಸತ್ತಂತೆ. ಚಳಿಗಾಲಕ್ಕೆ ಒಬ್ಬೊಬ್ಬರಿಗೆ 1 ಹೊಸದು. ಎಲ್ಲರೂ ಹಾಗೇ ಆಡೋದು ಅಂದ್ಕೊಂಡಿದ್ದೆ.

ಹಳೇದಾಳ
ಸಿಕ್ಕಿತು ನೋಡಿ. ಸೋತವನು 12ರಲ್ಲಿ 5 ಬಿಟ್ಟ, 1 ಬಂತು, ಮುಂದಿನ ಕಾಳಗಕ್ಕೆ 8. ಗೆದ್ದವನು 12 ತರುತ್ತಾನೆ. 8ರ ಸಾಲಿಗೆ ಎರಡೂ ತುದಿಯಲ್ಲಿ ಓವರ್‌ಲ್ಯಾಪ್ (ಎದುರಾಳಿ ಸಾಲು ತುದಿ ದಾಟಿ ಆವರಿಸೋದು), ದಾಳದಲ್ಲಿ ಒಂದೊಂದಕ್ಕೆ -1. ಅಲ್ಲಿಗೆ ಮುಗೀತು.

ಕಾಳಗ ಮುಗಿದ ಮೇಲೆ ಕಳೆದುಕೊಂಡ ಪ್ರತಿ ಎಲಿಮೆಂಟ್‌ಗೂ ದಾಳ ಹಾಕಿ. ಗೆದ್ದವನದು 3ರಿಂದ ಮೇಲೆ ಬಿದ್ದರೆ ವಾಪಸ್, ಸೋತವನದು 4ರಿಂದ. ಆನೆ ಯಾರದ್ದಾದರೂ 6ಕ್ಕೆ ಮಾತ್ರ. ಜೊತೆಗೆ, ಗೆದ್ದ ಪ್ರತಿ ನಗರದಲ್ಲೂ 1 ಎಲಿಮೆಂಟ್ ಕಾವಲಿಗೆ ಕೂರಬೇಕು, ಬಯಲಿಗೆ ಬರೋ ಹಾಗಿಲ್ಲ. ಹಿಗ್ಗಿದಷ್ಟೂ ತೆಳ್ಳಗಾಗ್ತಾನೆ.

ಗಜಬಲ
ಆಂಟಿಗೋನಸ್ ಸೋತು ಸತ್ತ ಇಪ್ಸಸ್ ಕಾಳಗದಲ್ಲಿ ನಿರ್ಧಾರ ಆದದ್ದು 480 ಆನೆಯಿಂದ, ನಿಮ್ಮ ಕಾವಲಿನಿಂದಲ್ಲ.

ಹಳೇದಾಳ
480 ಅನ್ನೋದು ಗ್ರೀಕ್ ಇತಿಹಾಸಕಾರ ಡಯೊಡೋರಸ್ ಲೆಕ್ಕ. ಪ್ಲೂಟಾರ್ಕ್ 400 ಅಂತಾನೆ. ಅಲ್ಲಿ ಗೆದ್ದದ್ದು ಒಕ್ಕೂಟ. ಅದನ್ನೂ ನಿಯಮ ಮಾಡಿ: ಮ್ಯಾಪಿನ ಮೂರರಲ್ಲೊಂದು ಪಾಲು ಒಬ್ಬನ ಕೈಸೇರಿದ ಕೂಡಲೇ ಉಳಿದವರು ಒಬ್ಬರಿಗೊಬ್ಬರು 3 ಎಲಿಮೆಂಟ್ ಸಾಲ ಕೊಡಬಹುದು.

ಗಜಬಲ
ಆನೆ ತಡೆಗೋಡೆ ಕಟ್ಟಿದ್ದಕ್ಕೇ ಆಂಟಿಗೋನಸ್ ಮಗ ಡಿಮಿಟ್ರಿಯಸ್‌ನ ಕುದುರೆ ವಾಪಸ್ ಬರಲಾಗಲಿಲ್ಲ. ಒಕ್ಕೂಟವಂತೆ!

ಕಡಲಕರೆ_ಹಾಪ್ಲೈಟ್
ಇಬ್ಬರೂ ಸ್ವಲ್ಪ ನಿಲ್ಲಿ ಮಾರಾಯ್ರೆ. ಒಂದೊಂದು ಕಾಳಗದಲ್ಲೂ ಸೋತವರದ್ದು 5 ಹೋಗೋದು ಹೇಗೆ? ಪುಟ್ಟ, ಬೊಂಬೆ ಎಷ್ಟು ಎಂಎಂ, ಬೋರ್ಡ್ ಎಷ್ಟು?

ಫ್ಯಾಲಂಕ್ಸ್_ಪುಟ್ಟ
28 ಎಂಎಂ, 60ರ ಬೇಸ್. ಬೋರ್ಡ್ ಎರಡಡಿ. ಯಾಕೆ?

ಕಡಲಕರೆ_ಹಾಪ್ಲೈಟ್
ಅಯ್ಯೋ ದೇವರೇ! ಎರಡಡಿ 15 ಎಂಎಂಗೆ: 40ರ ಬೇಸ್ 12 ಇಟ್ಟರೆ 480, ಎರಡೂ ಕಡೆ 60 ಎಂಎಂ ಖಾಲಿ ಉಳೀತದೆ. 60 ಗುಣಿಸು 12 ಅಂದ್ರೆ 720, ನಿಮ್ಮ ಬೋರ್ಡೇ 600. ಅಂಚಿಂದ ಅಂಚಿಗೆ 10 ಬೇಸ್, ಮಿಕ್ಕ 2 ಹಿಂದೆ ಕಿಕ್ಕಿರಿದು ನಿಲ್ಲಬೇಕು. ಕುದುರೆಗೆ ತಿರುಗಲು ಜಾಗ ಎಲ್ಲಿ? ಓಡಿದ ಎಲಿಮೆಂಟ್ ಅಂಚು ದಾಟಿ ಹೋಯ್ತು ಅಂತ ಸತ್ತ ಲೆಕ್ಕಕ್ಕೆ ಸೇರ್ತದೆ. ಅದನ್ನೇ ನೀವು ಕ್ಯಾಂಪೇನ್‌ಗೂ ಶಾಶ್ವತ ಸಾವು ಮಾಡಿದ್ದು.

ಬೋರ್ಡ್ ಕನಿಷ್ಠ 900 ಎಂಎಂ ಚೌಕ ಮಾಡಿ. ಎರಡು ಟ್ರೇ ಇಡಿ: ಮೈದಾನದಲ್ಲಿ ಸತ್ತದ್ದು ಒಂದರಲ್ಲಿ, ಅಂಚು ದಾಟಿದ್ದು ಇನ್ನೊಂದರಲ್ಲಿ. ಮೊದಲನೆಯದಕ್ಕೆ ಹಳೇದಾಳರ ದಾಳ. ಎರಡನೆಯದು ಚಳಿಗಾಲಕ್ಕೆ ತಾನಾಗಿ ವಾಪಸ್.

ಹಳೇದಾಳ
ಬೋರ್ಡ್ ಹಿಗ್ಗಿಸಿದರೆ 8ರ ಸೇನೆಯನ್ನು ಓವರ್‌ಲ್ಯಾಪ್ ಮಾಡೋದು ಇನ್ನೂ ಸುಲಭವಾಗುತ್ತಲ್ಲ?

ಕಡಲಕರೆ_ಹಾಪ್ಲೈಟ್
ಆಗ್ತದೆ, ಆದರೆ ಒಂದು ಪಕ್ಕವನ್ನು ಗುಡ್ಡಕ್ಕೋ ಕಾಡಿಗೋ ಒತ್ತಿ ನಿಲ್ಲಲಿಕ್ಕೂ ಜಾಗ ಸಿಗ್ತದೆ. ಸರದಿಗೆ ಸಿಗುವ ಪಿಪ್ (ಪಡೆ ನಡೆಸುವ ಅಂಕ) 12ಕ್ಕೂ ಒಂದೇ ದಾಳ, 8ಕ್ಕೂ ಒಂದೇ ದಾಳ. ಚಿಕ್ಕ ಸೇನೆ ಚುರುಕು.

ಬಣ್ಣದಬ್ರಷ್
900ಕ್ಕೆ 5 ಎಂಎಂ ಸನ್‌ಬೋರ್ಡ್ ತಗೋಬೇಡಿ, ಮಳೆಗಾಲಕ್ಕೆ ಬಿಲ್ಲಿನ ಹಾಗೆ ಬಾಗುತ್ತೆ. ನಂದು 12 ಎಂಎಂ ಪ್ಲೈವುಡ್, ಮೇಲೆ ತೆಂಗಿನ ನಾರಿನ ಪುಡಿ, ಫೆವಿಕಾಲ್ ಎರಡು ಕೋಟ್. ಬೇಸ್‌ಗೆ ಮ್ಯಾಗ್ನೆಟ್ ಶೀಟ್, ಬಾಕ್ಸ್ ತಳಕ್ಕೆ ತಗಡು. ಆರು ಸೇನೆ ಹೀಗೇ ಇಟ್ಟಿದ್ದೀನಿ, ಫೋಟೋ ಹಾಕ್ಲಾ?

ಗಜಬಲ
ಹಾಕಿ ಹಾಕಿ. ಆನೆ ಎಷ್ಟಿದೆ?

ಫ್ಯಾಲಂಕ್ಸ್_ಪುಟ್ಟ
ನಾಲ್ಕು ಎರಡಡಿ ಬೋರ್ಡ್ ಜೋಡಿಸಿ 900ಕ್ಕೆ ಸುಣ್ಣದ ಗೆರೆ ಹಾಕ್ಕೊಂಡು ಗಾಜಾ ಕಾಳಗ ಮತ್ತೆ ಆಡಿದ್ವಿ. ಟಾಲೆಮಿ 4-3, ಒಂದು ಆಂಟಿಗೋನಸ್ ಎಲಿಮೆಂಟ್ ಅಂಚು ದಾಟಿತ್ತು. ಯಾರೂ ಎದ್ದು ಹೋಗಲಿಲ್ಲ. ಈಗ ಜಗಳ ಬೇರೆ: ಬಾಡಿಗೆ ಪಡೆ ಸೋತರೆ ಅದು ಗೆದ್ದವನ ಕಡೆ ಸೇರಬೇಕಾ? ಗಾಬಿಯೇನೆ ಕಾಳಗದಲ್ಲಿ ತಮ್ಮ ಸಾಮಾನು-ಸಂಸಾರ ಆಂಟಿಗೋನಸ್ ಕೈಗೆ ಸಿಕ್ಕಿತು ಅಂತ ಬೆಳ್ಳಿಗುರಾಣಿ ಪಡೆಯವರು ತಮ್ಮ ಸೇನಾಪತಿ ಯೂಮೆನಿಸ್‌ನನ್ನೇ ಹಿಡಿದು ಕೊಟ್ಟರಲ್ಲ. ಶಿಬಿರ ಕಳೆದುಕೊಂಡರೆ ಮಾತ್ರ ಹಾಗೆ ಅಂತ ಇಡೋದಾ?

ಬಣ್ಣದಬ್ರಷ್
ಆನೆ ಒಂಬತ್ತು. ಅದರಲ್ಲಿ ಎರಡಕ್ಕೆ ಅಂಬಾರಿ ಇನ್ನೂ ಬಣ್ಣ ಆಗಿಲ್ಲ.